ನೀರು ಇಳಿಯುವ ಮೆಟ್ಟಿಲು: ಉತ್ತರ ಬೆಂಗಳೂರಿನ ಕೆರೆಗಳ ತೂಬು

ಯಲಹಂಕ, ಜಕ್ಕೂರು, ರಾಚೇನಹಳ್ಳಿ ಕೆರೆಗಳು ಇಂದಿನ ನಕ್ಷೆಯಲ್ಲಿ ರಸ್ತೆ ಮತ್ತು ಬಡಾವಣೆಗಳ ನಡುವೆ ಸಿಕ್ಕಿಕೊಂಡ ಮೂರು ಪ್ರತ್ಯೇಕ ನೀರಿನ ಹರವುಗಳಂತೆ ಕಂಡರೂ, ಅವುಗಳನ್ನು ಕಟ್ಟಿದವರ ಲೆಕ್ಕದಲ್ಲಿ ಅವು ಒಂದೇ ಕಣಿವೆಯ ಇಳಿಜಾರಿನಲ್ಲಿ ಒಂದರ ಕೆಳಗೊಂದು ಕೂತ ಮೆಟ್ಟಿಲುಗಳು. ಮೇಲಿನ ಕೆರೆ ತುಂಬಿದ ಮೇಲೆ ಹೆಚ್ಚಾದ ನೀರು ಏರಿಯ ಒಂದು ಬದಿಯಲ್ಲಿ ತಗ್ಗಿಸಿ ಬಿಟ್ಟ ಕಲ್ಲುಗಟ್ಟಿನ ಮೇಲೆ, ಅಂದರೆ ಕೋಡಿಯ ಮೇಲೆ, ಹೊರಬಿದ್ದು ರಾಜಕಾಲುವೆ ಹಿಡಿದು ಕೆಳಗಿನ ಕೆರೆಯನ್ನು ಸೇರುತ್ತದೆ; ಹೆಬ್ಬಾಳದಿಂದ ನಾಗವಾರಕ್ಕೆ ಇಳಿಯುವ ಇನ್ನೊಂದು ಸಾಲೂ ಹೀಗೆಯೇ ಮುಂದುವರಿದು, ಕೊನೆಗೆ ಎರಡೂ ಸಾಲುಗಳ ನೀರು ಎಲೆ ಮಲ್ಲಪ್ಪ ಶೆಟ್ಟಿ ಕೆರೆಯ ಮೂಲಕ ದಕ್ಷಿಣ ಪಿನಾಕಿನಿಯನ್ನು ಕೂಡುತ್ತದೆ. ಕೋಡಿ ಎಲ್ಲರ ಕಣ್ಣಿಗೂ ಬೀಳುವ ಅಂಗ. ಆದರೆ ಕೆರೆಯನ್ನು ಬರಿಯ ನೀರಿನ ಗುಂಡಿಯಾಗಿ ಉಳಿಯಗೊಡದೆ ಊರಿನ ಸಂಸ್ಥೆಯನ್ನಾಗಿ ಮಾಡಿದ ಅಂಗ ಏರಿಯ ಬುಡದಲ್ಲಿ ಅಡಗಿರುವ ತೂಬು.

ನದಿಗಳಲ್ಲಿ ಹಡಗು ಸಾಗಿಸಿದ ನಾಡುಗಳಲ್ಲಿ ಎತ್ತರದ ವ್ಯತ್ಯಾಸವನ್ನು ಗೆಲ್ಲಲು ಬೇರೊಂದು ಸಾಧನ ಹುಟ್ಟಿತು. ಕಾಲುವೆಯ ಒಂದು ತುಂಡಿಗೆ ಹಿಂದೆ ಮುಂದೆ ಎರಡು ಬಾಗಿಲುಗಳನ್ನಿಟ್ಟು, ದೋಣಿಯನ್ನು ಒಳಗೆ ಬಿಟ್ಟುಕೊಂಡು, ನೀರನ್ನು ತುಂಬಿಸಿ ಅಥವಾ ಖಾಲಿ ಮಾಡಿ ದೋಣಿಯನ್ನು ಮೇಲಕ್ಕೋ ಕೆಳಕ್ಕೋ ಸಾಗಿಸುವ ಈ ಜಲದ್ವಾರವನ್ನು ಲಾಕ್ ಎನ್ನುತ್ತಾರೆ, ಚೀನಾದಲ್ಲಿ ಕ್ರಿ.ಶ. 984ರಲ್ಲಿ ಚಿಯಾವ್ ವೇಯುಯೆ ಎಂಬ ಅಧಿಕಾರಿ ಇಂತಹ ಜೋಡಿ ಬಾಗಿಲಿನ ಕಟ್ಟೆಯನ್ನು ಮಹಾಕಾಲುವೆಯ ಮೇಲೆ ಕಟ್ಟಿಸಿದ ದಾಖಲೆಯಿದೆ. ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಂತಹ ಹಳೆಯ ಹೊಳೆಯೂರುಗಳಲ್ಲಿ ಪ್ರವಾಸಿಗರನ್ನು ತುಂಬಿಕೊಂಡ ದೋಣಿಗಳು ಇಂದಿಗೂ ಲಾಕಿನೊಳಗೆ ನಿಂತು ನೀರಿನೊಡನೆ ಏರುತ್ತವೆ, ಇಳಿಯುತ್ತವೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲೆ, ದೊಡ್ಡ ನದಿಯೊಂದರ ಆಸರೆಯೂ ಇಲ್ಲದೆ ಬೆಳೆದ ಬೆಂಗಳೂರಿಗೆ ಅಂತಹ ದ್ವಾರದ ಅಗತ್ಯ ಬೀಳಲಿಲ್ಲ. ಇಲ್ಲಿ ಮೆಟ್ಟಿಲಿಳಿಯಬೇಕಾಗಿದ್ದುದು ದೋಣಿಯಲ್ಲ, ನೀರು. ತಲುಪಬೇಕಾಗಿದ್ದುದು ಬಂದರನ್ನಲ್ಲ, ಗದ್ದೆಯನ್ನು.

ಹಳೆಯ ಮಾದರಿಯ ತೂಬಿನ ರಚನೆ ನೋಡಲು ಸರಳ. ಏರಿಯ ಒಳಬದಿಗೆ, ಕೆರೆಯ ಅಂಗಳದಲ್ಲಿ, ಎರಡು ಎತ್ತರದ ಕಲ್ಲುಕಂಬಗಳನ್ನು ನೆಟ್ಟು, ಅವುಗಳ ನಡುವೆ ಅಡ್ಡಹಾಸಿದ ಚಪ್ಪಡಿಗಳಲ್ಲಿ ಒಂದರ ನೇರಕ್ಕೊಂದು ತೂತು ಕೊರೆದು, ಆ ತೂತುಗಳ ಮೂಲಕ ಉದ್ದನೆಯ ಮರದ ಗಳುವೊಂದನ್ನು ಇಳಿಬಿಡುತ್ತಿದ್ದರು. ಗಳುವಿನ ತುದಿಯ ಬಿರಡೆ ತಳದ ಕಲ್ಲುಪೆಟ್ಟಿಗೆಯ ಬಾಯಿಗೆ ಸರಿಯಾಗಿ ಕೂತರೆ ನೀರು ನಿಲ್ಲುತ್ತದೆ, ಗಳುವನ್ನು ಮೇಲಕ್ಕೆಳೆದರೆ ನೀರು ಪೆಟ್ಟಿಗೆಗೆ ನುಗ್ಗಿ, ಏರಿಯ ಅಡಿಯಲ್ಲಿ ಕಲ್ಲುಗಾರೆಯಿಂದ ಕಟ್ಟಿದ ಸುರಂಗದಲ್ಲಿ ಹಾದು, ಆಚೆ ಬದಿಯ ಕಾಲುವೆಗೆ ಬೀಳುತ್ತದೆ. ಬಿರಡೆ ಎಷ್ಟು ಮೇಲೇರಿತೋ ಅಷ್ಟು ನೀರು. ಕುಶಲತೆ ಅಡಗಿದ್ದುದು ಕಂಬದಲ್ಲಲ್ಲ, ಕಣ್ಣಿಗೆ ಕಾಣದ ಸುರಂಗದಲ್ಲಿ: ಕಲ್ಲಿನ ಸಂದಿನಿಂದ ನೀರು ಮಣ್ಣಿಗೆ ಜಿನುಗಲು ತೊಡಗಿದರೆ ಏರಿ ಒಳಗೊಳಗೇ ಕೊರೆದುಹೋಗಿ ಒಂದು ದಿನ ಒಡೆಯುತ್ತದೆಯಾದ್ದರಿಂದ, ಕೆರೆಯ ಆಯುಷ್ಯ ಬಹುಪಾಲು ತೂಬಿನ ಗಾರೆಯನ್ನೇ ನಂಬಿಕೊಂಡಿತ್ತು.

ಗಳುವನ್ನು ಎತ್ತುವ ಅಧಿಕಾರ ಎಲ್ಲರಿಗೂ ಇರಲಿಲ್ಲ, ಅದು ನೀರಗಂಟಿಯದು. ವಂಶಪಾರಂಪರ್ಯವಾಗಿ ಬಂದ, ಅನೇಕ ಊರುಗಳಲ್ಲಿ ದಲಿತ ಕುಟುಂಬಗಳೇ ಹೊತ್ತ ಈ ಕೆಲಸಕ್ಕೆ ಸುಗ್ಗಿಯಲ್ಲಿ ರೈತರು ಅಳೆದುಕೊಡುವ ಕಾಳೇ ಕೂಲಿಯಾಗಿತ್ತು. ತುಂಬಿದ ಕೆರೆಯಲ್ಲಿ ತೂಬಿನ ಕಂಬದವರೆಗೆ ಈಜಿ ಹೋಗಿ ಬಿರಡೆ ಸರಿಪಡಿಸುವುದು, ಕಾಲುವೆಯ ಒಡಕು ಮುಚ್ಚುವುದು, ಅಚ್ಚುಕಟ್ಟಿನಲ್ಲಿ, ಅಂದರೆ ಕೆರೆಯ ನೀರುಣ್ಣುವ ಗದ್ದೆಯ ಬಯಲಿನಲ್ಲಿ, ಯಾರ ಸರದಿ ಯಾವಾಗ ಮುಗಿಯಿತೆಂದು ನಿರ್ಧರಿಸುವುದು ಎಲ್ಲವೂ ಅವನ ಪಾಲಿನವು. ಗದ್ದೆಯ ಒಡೆಯನ ಜಾತಿ, ಅಂತಸ್ತುಗಳು ಏನೇ ಇದ್ದರೂ ನೀರು ಬಿಡುವ ಕೈ ಅವನದೇ ಆಗಿದ್ದುದು ಹಳ್ಳಿಯ ಸಾಮಾಜಿಕ ಏಣಿಯಲ್ಲಿ ಒಂದು ವಿಚಿತ್ರ ತಿರುವು. ಆ ಕೈ ಅದೇ ಏಣಿಯಲ್ಲಿ ಅವನನ್ನು ಮೇಲೇರಿಸಲಿಲ್ಲ ಎಂಬುದೂ ಅಷ್ಟೇ ನಿಜ.

ತೂಬಿನ ಹಳಮೆಗೆ ಶಾಸನಗಳು ಸಾಕ್ಷಿ. ಹಳಗನ್ನಡದಲ್ಲಿ ‘ತೂಂಬು’ ಎಂದು ಬರುವ ಈ ಮಾತಿನ ಜೊತೆಗೆ, ಕೆರೆಯ ಕಟ್ಟೋಣ ಮತ್ತು ದುರಸ್ತಿಗೆಂದು ಬಿಟ್ಟುಕೊಟ್ಟ ಭೂಮಿಯನ್ನು ಸೂಚಿಸುವ ‘ಬಿತ್ತುವಟ್ಟ’, ‘ಕಟ್ಟುಕೊಡಗೆ’ ಎಂಬ ಮಾತುಗಳೂ ಕಾಣುತ್ತವೆ. ವಿಜಯನಗರದ ಬುಕ್ಕರಾಯನ ಮಗ ಭಾಸ್ಕರ 1369ರಲ್ಲಿ ಕಡಪ ಸೀಮೆಯ ಪೋರುಮಾಮಿಳ್ಳದಲ್ಲಿ ಹಾಕಿಸಿದ ಶಾಸನವಂತೂ ಒಳ್ಳೆಯ ಕೆರೆಗೆ ಬೇಕಾದ 12 ಸಾಧನಗಳನ್ನೂ ಆರು ದೋಷಗಳನ್ನೂ ಹೆಸರಿಸುತ್ತದೆ. ನೀರು ಕಡಿಮೆಯಿದ್ದು ನೆಲ ಹೆಚ್ಚಿರುವುದು ಹೇಗೆ ದೋಷವೋ, ನೆಲ ಕಡಿಮೆಯಿದ್ದು ನೀರು ಹೆಚ್ಚಿರುವುದೂ ಹಾಗೆಯೇ ದೋಷವೆಂದು ಅದು ಎಣಿಸಿರುವುದು ಗಮನಾರ್ಹ. ಹೆಬ್ಬಾಳದ ಮಟ್ಟಿಗೆ ಹೇಳುವುದಾದರೆ, 2018ರಲ್ಲಿ ಅಲ್ಲಿ ಬೆಳಕಿಗೆ ಬಂದ ಕಿಟ್ಟಯ್ಯನ ವೀರಗಲ್ಲು ಗಂಗ ಶ್ರೀಪುರುಷನ ಕಾಲದ್ದು, 8ನೆಯ ಶತಮಾನದ್ದು. ಅದು ಕೆರೆಯ ಶಾಸನವಲ್ಲವಾದರೂ ಹೆಬ್ಬಾಳದ ಹಳೆಯ ರೂಪವಾದ ‘ಪೆರ್ಬೊಳಲ್’ ನಾಡು ಅಷ್ಟು ಹಿಂದೆಯೇ ನೆಲೆನಿಂತ ಸೀಮೆಯಾಗಿತ್ತೆಂಬುದನ್ನು ತೋರಿಸುತ್ತದೆ.

ಅಚ್ಚುಕಟ್ಟು ಬಡಾವಣೆಯಾದಾಗ ತೂಬಿಗೆ ಕೆಲಸವಿಲ್ಲದಾಯಿತು. ನೀರುಣ್ಣುವ ಗದ್ದೆಯೇ ಇಲ್ಲದ ಮೇಲೆ ಬಿರಡೆ ಎತ್ತುವವರಿಲ್ಲ, ನೀರಗಂಟಿಗೆ ಕಾಳು ಅಳೆಯುವವರಿಲ್ಲ. ಯಶವಂತಪುರದ ಪಕ್ಕದ ಮತ್ತಿಕೆರೆಯಂತಹ ಕಡೆ ಕೆರೆ ಬಹುಮಟ್ಟಿಗೆ ಊರಿನ ಹೆಸರಿನಲ್ಲೇ ಉಳಿಯಿತು. ಉಳಿದ ಕೆರೆಗಳು ನೋಟದ ವಸ್ತುಗಳಾದವು: ನಾಗವಾರ ಕೆರೆಯ ದಡದ ಲುಂಬಿನಿ ಉದ್ಯಾನ ದೋಣಿವಿಹಾರದಿಂದ ಹೆಸರು ಮಾಡಿತು. ನೋಟಕ್ಕೆ ಕೆರೆ ಸದಾ ತುಂಬಿರಬೇಕು, ತುಂಬಿದ ಕೆರೆಗೆ ಜೋರು ಮಳೆಯ ನೀರನ್ನು ಹಿಡಿದಿಡಲು ಜಾಗವಿರುವುದಿಲ್ಲ ಎಂಬುದು ಈ ಬದಲಾವಣೆಯ ಅಷ್ಟಾಗಿ ಚರ್ಚೆಯಾಗದ ಮಗ್ಗುಲು. 2021ರ ನವೆಂಬರಿನಲ್ಲೂ 2024ರ ಅಕ್ಟೋಬರಿನಲ್ಲೂ ಯಲಹಂಕದ ಕೇಂದ್ರೀಯ ವಿಹಾರ ವಸತಿ ಸಮುಚ್ಚಯ ಜಲಾವೃತವಾಗಿ ನಿವಾಸಿಗಳನ್ನು ದೋಣಿಗಳಲ್ಲಿ ಹೊರತರಬೇಕಾಯಿತು. ಕಣಿವೆಯ ಮೆಟ್ಟಿಲುಗಳ ನಡುವೆ ದೋಣಿ ಸಂಚರಿಸಿದ್ದು ಹೀಗೆ, ಯಾರೂ ಬಯಸದ ರೀತಿಯಲ್ಲಿ. ಮಳೆಗಾಲಕ್ಕೆ ಮುಂಚೆಯೇ ಕೆರೆಯ ಮಟ್ಟ ಇಳಿಸಿಟ್ಟುಕೊಳ್ಳಲು ಬಾಗಿಲುಳ್ಳ ತೂಬುಗಳು ಬೇಕೆಂಬ ಮಾತು ನಗರದ ಎಂಜಿನಿಯರುಗಳ ನಡುವೆ ಮತ್ತೆ ಕೇಳಿಬರುತ್ತಿರುವುದಕ್ಕೆ ಇಂತಹ ನೆರೆಗಳೇ ಕಾರಣ. ಕೋಡಿ ಹೆಚ್ಚಿದ್ದನ್ನು ಮಾತ್ರ ಹೊರಹಾಕಬಲ್ಲುದು. ಇದ್ದುದನ್ನು ತಗ್ಗಿಸಬಲ್ಲುದು ತೂಬು ಒಂದೇ.

ಜಕ್ಕೂರಿನಲ್ಲಿ ಮೆಟ್ಟಿಲಸಾಲು ಇನ್ನೊಂದು ರೂಪ ತಾಳಿದೆ. ದಿನಕ್ಕೆ 1 ಕೋಟಿ ಲೀಟರ್ ಕೊಳಚೆ ನೀರನ್ನು ಶುದ್ಧಗೊಳಿಸುವಂತೆ ಮೊದಲಿಗೆ ಕಟ್ಟಿದ ಘಟಕದಿಂದ ಹೊರಬಂದ ನೀರು ಆಪಿನ ಹುಲ್ಲು ಬೆಳೆದ ಜೌಗಿನಲ್ಲಿ ತಂಗಿ, ಅಲ್ಲಿ ಇನ್ನಷ್ಟು ತಿಳಿಯಾಗಿ ಕೆರೆಗೆ ಸೇರುತ್ತದೆ. ಮೀನುಗಾರರು ಹರಿಗೋಲಿಗೆ ಹುಟ್ಟು ಹಾಕಿಕೊಂಡು ಬಲೆ ಬಿಡುವುದು ಈ ನೀರಿನಲ್ಲೇ. ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯಾದರೋ ಸಂಸ್ಕರಿಸಿದ ನೀರನ್ನು, ದಿನಕ್ಕೆ 21 ಕೋಟಿ ಲೀಟರ್‌ಗಳ ಗುರಿಯಿಟ್ಟುಕೊಂಡು, ಬೆಂಗಳೂರು ಗ್ರಾಮಾಂತರ ಮತ್ತು ಚಿಕ್ಕಬಳ್ಳಾಪುರದ ಕಡೆಯ 65 ಕೆರೆಗಳಿಗೆ ಪಂಪುಗಳಿಂದ ಎತ್ತಿ ಹರಿಸಲು ರೂಪುಗೊಂಡದ್ದು. ಶತಮಾನಗಳ ಕಾಲ ನಂದಿಬೆಟ್ಟದ ಸೀಮೆಯಿಂದ ಕೆಳಮುಖವಾಗಿ ಮಾತ್ರ ಇಳಿದ ನೀರು ಈಗ ಕೊಳವೆಯಲ್ಲಿ ಅದೇ ದಿಕ್ಕಿಗೆ ಹಿಮ್ಮುಖವಾಗಿ ಏರಿ, ಚಿಕ್ಕಬಳ್ಳಾಪುರದ ಕಂದವಾರ ಕೆರೆಯನ್ನು ಸೇರುತ್ತಿದೆ.