ತಂತಿಗೆ ಎಷ್ಟು ಹೊರಿಸಬೇಕು

ಮೋಟಾರು ಎಲ್ಲಿಗೆ ಹೋಗಬೇಕು, ಎಷ್ಟು ವೇಗದಲ್ಲಿ, ಎಲ್ಲಿ ನಿಲ್ಲಬೇಕು ಎಂಬುದನ್ನೆಲ್ಲ ನೋಡಿಕೊಳ್ಳುವ ಪುಟ್ಟ ಪೆಟ್ಟಿಗೆಯೇ ಮೋಷನ್ ಕಂಟ್ರೋಲರ್. ಬೆಂಗಳೂರಿನ ಪೀಣ್ಯದಂಥ ಕಡೆ ತಯಾರಾಗುವ ಕಟಿಂಗ್, ಪ್ಯಾಕಿಂಗ್ ಯಂತ್ರಗಳ ಪ್ಯಾನೆಲ್ ಬಾಗಿಲು ತೆರೆದರೆ ಮೋಟಾರಿಗೆ ವಿದ್ಯುತ್ ಹರಿಸುವ ಡ್ರೈವ್‌ಗಳ ಪಕ್ಕದಲ್ಲಿ ಇಂಥದ್ದೊಂದು ಕಾಣಿಸಬಹುದು. ಇದನ್ನು ಕಂಪ್ಯೂಟರಿನ ಜೊತೆ ಈಥರ್ನೆಟ್ಟಿನಲ್ಲಿ ಮಾತಿಗೆ ಕೂರಿಸುವುದು ಕೇಬಲ್ ಸಿಕ್ಕಿಸಿದಷ್ಟೇ ಕೆಲಸ ಎಂದು ಯಂತ್ರ ಕೊಳ್ಳುವವರು ಅಂದುಕೊಳ್ಳುತ್ತಾರೆ. ಪಳಗಿದ ಕಮಿಷನಿಂಗ್ ಎಂಜಿನಿಯರ್ ಮಾತ್ರ ಆ ತಂತಿಗೆ ಏನನ್ನು ಹೊರಿಸಬಾರದು ಎಂಬಲ್ಲಿಂದ ಶುರುಮಾಡುತ್ತಾರೆ.

ಕ್ಯಾಲಿಫೋರ್ನಿಯಾದ ಗ್ಯಾಲಿಲ್ ಕಂಪನಿಯ ಕಂಟ್ರೋಲರನ್ನೇ ತೆಗೆದುಕೊಳ್ಳಿ. ಅದು ಮಾಮೂಲಾಗಿ ಸೆಕೆಂಡಿಗೆ ಸುಮಾರು 1000 ಸಲ, ಶಾಫ್ಟ್ ಎಷ್ಟು ತಿರುಗಿತೆಂದು ಎಣಿಸುವ ಎನ್‌ಕೋಡರ್ ಓದಿ, ಇರಬೇಕಾದ ಜಾಗಕ್ಕೂ ಇರುವ ಜಾಗಕ್ಕೂ ಎಷ್ಟು ಅಂತರ ಎಂದು ಲೆಕ್ಕ ಹಾಕಿ ಡ್ರೈವ್‌ಗೆ ಆಜ್ಞೆ ಕೊಡುತ್ತದೆ. ಈ ಸುತ್ತು ಮುಗಿಯುವುದು ಪೆಟ್ಟಿಗೆಯೊಳಗೇ. ಈಥರ್ನೆಟ್ಟಿಗೆ ಅಲ್ಲಿ ಪ್ರವೇಶವಿಲ್ಲ. ಮದುವೆ ಮನೆಯ ಯಜಮಾನ ಅಡುಗೆ ಭಟ್ಟರಿಗೆ ಎಷ್ಟು ಎಲೆ ಎಂದು ಹೇಳುತ್ತಾನೆ, ಒಗ್ಗರಣೆಗೆ ಸಾಸಿವೆ ಯಾವಾಗ ಹಾಕಬೇಕೆಂದು ಹೇಳಲು ಹೋಗುವುದಿಲ್ಲ. ಕಂಪ್ಯೂಟರಿನ ಪಾತ್ರವೂ ಅಷ್ಟೇ. ಕ್ಷಣಕ್ಷಣದ ಆಜ್ಞೆಯೇ ನೆಟ್‌ವರ್ಕ್ ಮೇಲೆ ಹೋಗಬೇಕೆಂದರೆ ಬೆಕ್‌ಹಾಫ್ ಕಂಪನಿ 2003ರಲ್ಲಿ ಹೊರತಂದ ಈಥರ್‌ಕ್ಯಾಟ್‌ನಂಥ ವ್ಯವಸ್ಥೆ ಬೇಕು. ಅದರಲ್ಲಿ ಎಲ್ಲ ಡ್ರೈವ್‌ಗಳ ಗಡಿಯಾರಗಳೂ ಒಂದು ಮೈಕ್ರೋಸೆಕೆಂಡಿಗಿಂತ ಕಡಿಮೆ ವ್ಯತ್ಯಾಸದಲ್ಲಿ ಒಟ್ಟಿಗೆ ನಡೆಯುತ್ತವೆ. ಅದರ ಕಥೆಯೇ ಬೇರೆ.

ಇನ್ನು ನೆಟ್‌ವರ್ಕಿನ ಐಪಿ ವಿಳಾಸ. ಕಂಟ್ರೋಲರನ್ನು ಫ್ಯಾಕ್ಟರಿಯ ನೆಟ್‌ವರ್ಕಿಗೆ ನೇರ ಸೇರಿಸುವ ಆತುರ ಬೇಡ. ಮೊದಲು ಲ್ಯಾಪ್‌ಟಾಪ್, ಒಂದು ಕೇಬಲ್, ಕಂಟ್ರೋಲರ್, ಇಷ್ಟೇ. ವೈಫೈ ಆಫ್. ಲ್ಯಾಪ್‌ಟಾಪ್ ತನಗೆ ತಾನೇ 169.254ರಿಂದ ಶುರುವಾಗುವ ವಿಳಾಸ ಹಾಕಿಕೊಂಡಿದ್ದರೆ ವಿಳಾಸ ಹಂಚುವವರು ಯಾರೂ ಸಿಕ್ಕಿಲ್ಲ ಎಂದರ್ಥ, ಕೈಯಿಂದಲೇ ಕೊಡಬೇಕು. ಕಂಟ್ರೋಲರ್ 192.168.1.10 ಆದರೆ ಲ್ಯಾಪ್‌ಟಾಪ್ 192.168.1.20 ಇರಲಿ, ಎರಡಕ್ಕೂ ಸಬ್‌ನೆಟ್ ಮಾಸ್ಕ್ 255.255.255.0. ಗ್ಯಾಲಿಲ್‌ನಲ್ಲಿ ಸೀರಿಯಲ್ ಅಥವಾ ಯುಎಸ್‌ಬಿ ಮೂಲಕ ಒಳಹೊಕ್ಕು, ‘ಡಿಎಚ್ 0’ ಎಂದು ಹೇಳಿ ತಾನಾಗಿ ವಿಳಾಸ ಪಡೆಯುವ ಅಭ್ಯಾಸ ಬಿಡಿಸಿ, ‘ಐಎ 192,168,1,10’ ಎಂದು ಬರೆಯುತ್ತಾರೆ, ಚುಕ್ಕಿಯ ಬದಲು ಅಲ್ಪವಿರಾಮ ಹಾಕಿ. ಆಮೇಲೆ ‘ಬಿಎನ್’. ಈ ಎರಡಕ್ಷರ ಬಿಟ್ಟರೆ ವಿಳಾಸ ಫ್ಲ್ಯಾಶ್ ಮೆಮೊರಿಗೆ ಇಳಿಯುವುದಿಲ್ಲ. ಸಂಜೆ ಚೆನ್ನಾಗಿದ್ದ ಯಂತ್ರ ಬೆಳಿಗ್ಗೆ ಪವರ್ ಕೊಟ್ಟಾಗ ಗುರುತೇ ಇಲ್ಲದಂತೆ ಕೂತಿರುತ್ತದೆ.

ಆ ವಿಳಾಸದಲ್ಲಿ ಯಾರಾದರೂ ಇದ್ದೀರಾ ಎಂದು ಕೂಗಿ ಕೇಳುವ ಪಿಂಗ್‌ಗೆ ಉತ್ತರ ಬಂತು ಎಂದ ಮಾತ್ರಕ್ಕೆ ಬಲ್ಲವರು ಸಮಾಧಾನಪಡುವುದಿಲ್ಲ. ಮುಂದೆ ಫ್ಯಾಕ್ಟರಿಯ ಸ್ವಿಚ್‌ಗೆ ಸೇರಿಸಿದಾಗ ಅವರು ಮಾಡುವ ಒಂದು ಪರೀಕ್ಷೆ ನನಗೆ ಬಹಳ ಇಷ್ಟ. ಕಂಟ್ರೋಲರಿನ ಪವರ್ ತೆಗೆದು ಮತ್ತೆ ಪಿಂಗ್ ಮಾಡುತ್ತಾರೆ. ಆಗಲೂ ಉತ್ತರ ಬಂದರೆ ಅದೇ ವಿಳಾಸ ಇಟ್ಟುಕೊಂಡ ಪ್ರಿಂಟರೋ ಕ್ಯಾಮೆರಾವೋ ಎಲ್ಲೋ ಕೂತಿದೆ ಎಂದೇ ಲೆಕ್ಕ. ಇದನ್ನು ಹಿಡಿಯಲು ಬೇರೆ ಸಾಫ್ಟ್‌ವೇರೇನೂ ಬೇಕಿಲ್ಲ.

ನಂತರ ಮೋಟಾರು ಆಫ್ ಇಟ್ಟುಕೊಂಡೇ ಮೊದಲ ಮಾತುಕತೆ. ‘ಟಿಪಿ’ ಎಂದರೆ ಕಂಟ್ರೋಲರ್ ಪ್ರತಿ ಅಕ್ಷದ ಸ್ಥಾನ ಹೇಳುತ್ತದೆ. ಅಡ್ಡ ಅಕ್ಷದ ಶಾಫ್ಟನ್ನು ಕೈಯಿಂದ ಒಂದು ಸುತ್ತು ತಿರುಗಿಸಿ ಮತ್ತೆ ಕೇಳಿ: 1000 ಗೆರೆಗಳ ಎನ್‌ಕೋಡರ್ ಆದರೆ ಅಂಕಿ ಹೆಚ್ಚುಕಡಿಮೆ 4000ದಷ್ಟು ಸರಿದಿರಬೇಕು, ಗೆರೆಯೊಂದಕ್ಕೆ ನಾಲ್ಕರ ಲೆಕ್ಕ. ಶಾಫ್ಟಿನಿಂದ ಪರದೆಯ ತನಕ ದಾರಿ ಸರಿಯಿದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಡ್ರೈವ್ ಆನ್ ಆದ ಕೂಡಲೇ ಸಂಪರ್ಕ ತಡವರಿಸತೊಡಗಿದರೆ ಐಪಿ ಕೆದಕುವ ಮುನ್ನ ಪ್ಯಾನೆಲ್ ಒಳಗೆ ನೋಡಬೇಕು. ಎಷ್ಟೋ ಸಲ ಈಥರ್ನೆಟ್ ಕೇಬಲ್ ಮೋಟಾರ್ ಕೇಬಲ್ಲಿನ ಜೊತೆ ಒಂದೇ ಡಕ್ಟ್‌ನಲ್ಲಿ ಮಲಗಿದ್ದು, ಅದರ ವಿದ್ಯುತ್ ಗದ್ದಲ ಇದಕ್ಕೆ ತಾಗುತ್ತಿರುತ್ತದೆ.

ಇಷ್ಟಾದ ಮೇಲೆ ನಿಜವಾದ ಪರೀಕ್ಷೆ. ಅಕ್ಷ ನಿಧಾನವಾಗಿ ಚಲಿಸುತ್ತಿರುವಾಗ ಈಥರ್ನೆಟ್ ಕೇಬಲನ್ನು ಕಿತ್ತುಬಿಡುವುದು. ಯಂತ್ರ ನಿಲ್ಲುತ್ತದೆ ಅಂದುಕೊಂಡವರಿಗೆ ಅಚ್ಚರಿ ಕಾದಿರುತ್ತದೆ: ಹೇಳಿಕೊಟ್ಟ ಕೆಲಸವನ್ನು ಕಂಟ್ರೋಲರ್ ಮುಂದುವರಿಸುತ್ತಲೇ ಹೋಗುತ್ತದೆ. ಹಾಗಾಗಿಯೇ ಎಮರ್ಜೆನ್ಸಿ ಸ್ಟಾಪನ್ನು ನೆಟ್‌ವರ್ಕ್ ಆಜ್ಞೆಗೆ ಬಿಡದೆ ಪ್ರತ್ಯೇಕ ವೈರಿಂಗ್‌ನಲ್ಲಿ ತರುತ್ತಾರೆ. ಜೊತೆಗೆ ಕಂಪ್ಯೂಟರ್ ಆಗಾಗ ಒಂದು ಅಂಕಿ ಬದಲಿಸುತ್ತಿರಬೇಕು, ಅದು ನಿಗದಿತ ಹೊತ್ತು ಬದಲಾಗದಿದ್ದರೆ ಕಂಟ್ರೋಲರ್ ತಾನೇ ವೇಗ ಇಳಿಸಿ ನಿಲ್ಲಬೇಕು ಎಂದು ಪ್ರೋಗ್ರಾಂ ಬರೆಯುತ್ತಾರೆ. ಇಲ್ಲಿ ಮೋಟಾರನ್ನೇ ಆಫ್ ಮಾಡುವುದು ಸುರಕ್ಷಿತ ಅನಿಸಬಹುದು. ಆದರೆ ಬ್ರೇಕ್ ಇಲ್ಲದ ಲಂಬ ಅಕ್ಷವಾದರೆ ಹೊತ್ತ ಭಾರ ಸಮೇತ ಕೆಳಗೆ ಕುಸಿಯುತ್ತದೆ. ಅದಕ್ಕೇ ಮೋಟಾರಿಗೆ ಪವರ್ ಇದ್ದಂತೆಯೇ ನಿಲ್ಲಿಸಿ ಅಲ್ಲೇ ಹಿಡಿದಿಡುವ ಆಜ್ಞೆ ಬೇಕು. ಕೇಬಲ್ ವಾಪಸ್ ಸಿಕ್ಕಿಸಿದಾಗಲೂ ಅಷ್ಟೇ, ಸಂಪರ್ಕ ಬಂತೆಂದು ಅಕ್ಷ ತಾನಾಗಿ ಹೊರಡಕೂಡದು. ಆಪರೇಟರ್ ಬಂದು ರೀಸೆಟ್ ಒತ್ತಿ, ಆಮೇಲೆ ಸ್ಟಾರ್ಟ್ ಒತ್ತಬೇಕು.