ಕಾಗದಗಳು ಹೇಳಿದ ಯುದ್ಧದ ಕಥೆ
(ಗಡಿನಾಡಿನ ಮನೆಗಳಲ್ಲಿ ಓದಬೇಕಾದ ಒಂದು ಕಾದಂಬರಿ)

ಸೇಲಂ ಪಟ್ಟಣದ ನೇಕಾರರ ಬೀದಿಗಳಲ್ಲಿ ಇಂದಿಗೂ ಕನ್ನಡವಾಡುವ ದೇವಾಂಗ ಮನೆತನಗಳಿವೆ. ಮಗುವನ್ನು ತೂಗುವುದು, ಗದರಿಸುವುದು, ಸತ್ತವರಿಗಾಗಿ ಅಳುವುದು ಎಲ್ಲವೂ ಕನ್ನಡದಲ್ಲೇ. ಆದರೆ ಹೆಚ್ಚಿನ ಮನೆಗಳಲ್ಲಿ ನೆಂಟರಿಗೆ ಕಾಗದ ಬರೆಯಬೇಕಾದಾಗ ಕೈಗೆ ಬರುವ ಲಿಪಿ ತಮಿಳು. ಉತ್ತರಕ್ಕೆ ಹೋದರೆ ಹೊಸೂರು, ಡೆಂಕಣಿಕೋಟೆಯ ಸೀಮೆ. ಹಿಂದೆ ಸೇಲಂ ಜಿಲ್ಲೆಯಲ್ಲಿದ್ದ ಈ ಪ್ರದೇಶ 1965ರಲ್ಲಿ ಧರ್ಮಪುರಿ ಜಿಲ್ಲೆಗೆ, 2004ರಲ್ಲಿ ಕೃಷ್ಣಗಿರಿ ಜಿಲ್ಲೆಗೆ ಸೇರಿತು. ಜಿಲ್ಲೆಯ ಹೆಸರು ಎರಡು ಬಾರಿ ಬದಲಾದರೂ ಅಲ್ಲಿನ ಎಷ್ಟೋ ಹಳ್ಳಿಗಳ ಮನೆಮಾತು ಬದಲಾಗಿಲ್ಲ. 1956ರ ಗಡಿರೇಖೆ ಏನೆಂಬುದನ್ನು ಬಲ್ಲ ಕಾಸರಗೋಡಿನ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಇಂಥ ಮನೆಗಳ ಹಳೆಯ ಪೆಟ್ಟಿಗೆಗಳಲ್ಲಿ ಅಜ್ಜನ ಕಾಲದ ಕಾಗದಗಳಿದ್ದರೆ ಮೊಮ್ಮಕ್ಕಳಿಗೆ ಅವನ್ನು ಓದಲು ಬರುತ್ತದೆಯೇ? ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಓದಬೇಕಾದ ಒಂದು ಇಂಗ್ಲಿಷ್ ಕಾದಂಬರಿಯನ್ನು ವಾಚಕರಿಗೆ ಪರಿಚಯಿಸುವುದು ಈ ಬರಹದ ಉದ್ದೇಶ.

ಅದರ ಹೆಸರು ತುಸು ಉದ್ದ: ‘ದಿ ಗರ್ನ್ಸಿ ಲಿಟರರಿ ಅಂಡ್ ಪೊಟೇಟೊ ಪೀಲ್ ಪೈ ಸೊಸೈಟಿ’. ಬರೆದವರು ಅಮೆರಿಕದ ಮೇರಿ ಆ್ಯನ್ ಶಾಫರ್. ಗ್ರಂಥಪಾಲಕಿಯಾಗಿದ್ದ ಆಕೆ ಇಳಿವಯಸ್ಸಿನಲ್ಲಿ ಬರೆದ ಏಕೈಕ ಕಾದಂಬರಿಯಿದು. ಕೊನೆಯಲ್ಲಿ ಕಾಯಿಲೆ ಬಿದ್ದಾಗ ಉಳಿದ ಕೆಲಸವನ್ನು ಸೋದರಿಯ ಮಗಳು ಆ್ಯನಿ ಬ್ಯಾರೋಸ್ ಮುಗಿಸಿಕೊಟ್ಟರು. ಪುಸ್ತಕ 2008ರಲ್ಲಿ ಹೊರಬಂದಾಗ ಅದನ್ನು ನೋಡಲು ಶಾಫರ್ ಬದುಕಿರಲಿಲ್ಲ.

ಗರ್ನ್ಸಿ ಎಂಬುದು ಇಂಗ್ಲೆಂಡಿಗೂ ಫ್ರಾನ್ಸಿಗೂ ನಡುವಣ ಒಂದು ಪುಟ್ಟ ದ್ವೀಪ. ಎರಡನೆಯ ಮಹಾಯುದ್ಧದಲ್ಲಿ, 1940ರ ಜೂನ್ 30ರಿಂದ 1945ರ ಮೇ 9ರ ತನಕ, ಅದು ಜರ್ಮನರ ವಶದಲ್ಲಿತ್ತು. ಶತ್ರು ಬರುವ ಮೊದಲೇ ಸಾವಿರಾರು ಶಾಲಾಮಕ್ಕಳನ್ನು ಅವಸರದಿಂದ ಹಡಗು ಹತ್ತಿಸಿ ಇಂಗ್ಲೆಂಡಿಗೆ ಕಳುಹಿಸಲಾಯಿತು. ಆಮೇಲೆ ಅಂಚೆಯೂ ನಿಂತಿತು. ರೆಡ್‌ಕ್ರಾಸ್ ಮೂಲಕ ಬರೆಯಬಹುದಾದದ್ದು 25 ಶಬ್ದ ಮಾತ್ರ. ಅದೂ ತಲುಪಲು ತಿಂಗಳುಗಳು ಬೇಕು. ಮಗುವಿಗೆ ಜ್ವರ ಬಂದಿತ್ತೆ, ಹಲ್ಲು ಬಿತ್ತೆ, ಅಮ್ಮನ ನೆನಪಿದೆಯೆ ಎಂಬುದನ್ನೆಲ್ಲ 25 ಶಬ್ದಗಳಲ್ಲಿ ಕೇಳುವುದು ಹೇಗೆ?

ಇಡೀ ಕಾದಂಬರಿ ಕಾಗದಗಳ ರೂಪದಲ್ಲಿದೆ. ಕಾಲ 1946. ಗರ್ನ್ಸಿಯ ಡಾಸಿ ಎಂಬ ಕೃಷಿಕನ ಕೈಗೆ ಚಾರ್ಲ್ಸ್ ಲ್ಯಾಂಬನ ಪ್ರಬಂಧಗಳ ಹಳೆಯ ಪ್ರತಿಯೊಂದು ಸಿಗುತ್ತದೆ. ಒಳಗೆ ಲಂಡನಿನ ಲೇಖಕಿ ಜೂಲಿಯೆಟ್‌ಳ ವಿಳಾಸವಿದೆ. ಅವನು ಬರೆಯುತ್ತಾನೆ, ಅವಳು ಉತ್ತರಿಸುತ್ತಾಳೆ. ಕ್ರಮೇಣ ದ್ವೀಪದ ಇತರರೂ ಬರೆಯತೊಡಗುತ್ತಾರೆ. ಒಂದು ರಾತ್ರಿ ಕದ್ದುಮುಚ್ಚಿ ಊಟ ಮಾಡಿ ಕರ್ಫ್ಯೂ ಮೀರಿ ಮರಳುತ್ತಿದ್ದವರು ಜರ್ಮನ್ ಗಸ್ತಿನ ಕೈಗೆ ಸಿಕ್ಕಿಬೀಳುತ್ತಾರೆ. ಆಗ ಎಲಿಜಬೆತ್ ಎಂಬ ತರುಣಿ, “ನಾವು ಸಾಹಿತ್ಯ ಸಂಘದ ಸಭೆಯಿಂದ ಬರುತ್ತಿದ್ದೇವೆ” ಎಂದು ಸುಳ್ಳು ಹೇಳುತ್ತಾಳೆ. ಆ ಸುಳ್ಳನ್ನು ನಿಜ ಮಾಡಲು ಸಂಘವನ್ನೇ ಕಟ್ಟಬೇಕಾಗುತ್ತದೆ! ಪುಸ್ತಕ ಮುಟ್ಟದಿದ್ದವರು ಓದುಗರಾಗುತ್ತಾರೆ. ಹಸಿವಿನ ಆ ದಿನಗಳಲ್ಲಿ ಸಭೆಯ ಉಪಾಹಾರ ಆಲೂಗಡ್ಡೆ ಸಿಪ್ಪೆಯ ಕಡುಬು.

ಆದರೆ ಇದು ನಗೆಯ ಪುಸ್ತಕವಲ್ಲ. ಜೀತದ ಕೂಲಿಗೆಂದು ಜರ್ಮನರು ತಂದಿದ್ದ ಹುಡುಗನೊಬ್ಬನಿಗೆ ಆಸರೆ ಕೊಟ್ಟ ಎಲಿಜಬೆತ್‌ಳನ್ನು ಸೆರೆಹಿಡಿದು ಸಾಗಿಸುತ್ತಾರೆ. ಅವಳ ಪುಟ್ಟ ಮಗಳನ್ನು ಸಂಘದವರೇ ಸರದಿಯ ಮೇಲೆ ಸಾಕುತ್ತಾರೆ. ಅವಳ ಗತಿಯೇನಾಯಿತೆಂಬುದನ್ನು ಇಲ್ಲಿ ಹೇಳುವುದು ಸರಿಯಲ್ಲ. ಅದನ್ನು ಹೊತ್ತು ತರುವುದೂ ಒಂದು ಕಾಗದವೇ. ದುಃಖವನ್ನು ಎದುರಿಗೆ ಹೇಳಲಾರದವರು ಕಾಗದದಲ್ಲಿ ಹೇಳಬಲ್ಲರು. ಬರೆಯುವಾಗ ಕೈ ನಿಲ್ಲಿಸಿ ಕಣ್ಣೊರೆಸಿಕೊಳ್ಳಲು ಅವಕಾಶವುಂಟು. ಈ ಕಾದಂಬರಿಯ ಶಕ್ತಿ ಇರುವುದೇ ಅಲ್ಲಿ.

ಇನ್ನು ನಮಗೆ ಸಂಬಂಧಿಸಿದ ಮಾತು. ಗರ್ನ್ಸಿಗೆ ಅದರದೇ ಆದ ನುಡಿಯೊಂದಿತ್ತು. ಅದು ಫ್ರೆಂಚಿನ ಸೋದರ ಭಾಷೆ. ಐದು ವರ್ಷ ಇಂಗ್ಲೆಂಡಿನಲ್ಲಿ ಬೆಳೆದು ಮರಳಿದ ಮಕ್ಕಳಲ್ಲಿ ಅನೇಕರು ಅದನ್ನು ಮರೆತಿದ್ದರು. ಮೊದಲೇ ಸೊರಗುತ್ತಿದ್ದ ನುಡಿಗೆ ಇದು ದೊಡ್ಡ ಪೆಟ್ಟು. 2001ರ ಜನಗಣತಿಯಲ್ಲಿ ಅದನ್ನು ಚೆನ್ನಾಗಿ ಆಡಬಲ್ಲವರು ನೂರಕ್ಕೆ ಇಬ್ಬರಷ್ಟೇ. ಯಾರೂ ಅದನ್ನು ನಿಷೇಧಿಸಿ ಕೊಂದದ್ದಲ್ಲ. ಒಂದು ತಲೆಮಾರಿನ ಮಕ್ಕಳು ಐದು ವರ್ಷ ಅದರಿಂದ ದೂರವಿದ್ದರು. ಆ ಅಂತರ ಮತ್ತೆ ತುಂಬಲಿಲ್ಲ.

ಆ ಯುದ್ಧಕ್ಕೆ ಭಾರತದಿಂದಲೂ ಸುಮಾರು 25 ಲಕ್ಷ ಮಂದಿ ಸೈನ್ಯ ಸೇರಿದ್ದರು. ಸೇಲಂ, ನಮ್ಮ ಕಾಸರಗೋಡು ಎರಡೂ ಆಗ ಮದರಾಸು ಪ್ರಾಂತ್ಯದ ಊರುಗಳೇ. ಹೋದವರಿಗಾಗಿ ಕಾದು ಕುಳಿತವರ ಕಥೆ ನಮ್ಮಲ್ಲಿ ಕಾದಂಬರಿಯಾದದ್ದು ಕಡಿಮೆ. ಕಾಗದಗಳೇನಾದರೂ ಉಳಿದಿದ್ದರೆ, ಅವನ್ನು ಓದಬಲ್ಲ ಕಣ್ಣುಗಳೂ ಉಳಿಯಬೇಕು.

ಕಾದಂಬರಿಯ ಇಂಗ್ಲಿಷ್ ಸರಳವಾಗಿದೆ. ಪ್ರೌಢಶಾಲೆಯ ಮೇಲಿನ ತರಗತಿಯ ಮಕ್ಕಳು ನಿಘಂಟು ಪಕ್ಕದಲ್ಲಿಟ್ಟುಕೊಂಡು ಓದಬಹುದು. ರಾತ್ರಿ ಊಟವಾದ ಮೇಲೆ ದಿನಕ್ಕೆ ಎರಡು ಕಾಗದದಂತೆ ಓದಿ, ಅಜ್ಜಿಗೆ ಕನ್ನಡದಲ್ಲಿ ಅರ್ಥ ಹೇಳಲಿ. ಪುಸ್ತಕ ಮುಗಿದ ಮೇಲೆ ಒಂದು ಕಾರ್ಡು ಕೊಂಡು ದೂರದ ನೆಂಟರೊಬ್ಬರಿಗೆ ಕನ್ನಡದಲ್ಲೇ ನಾಲ್ಕು ಸಾಲು ಬರೆಯಲಿ. ಅಕ್ಷರ ಸೊಟ್ಟಗಿದ್ದರೂ ಚಿಂತೆಯಿಲ್ಲ. ಉತ್ತರ ಕನ್ನಡದಲ್ಲೇ ಬಂದರೆ, ಮನೆಯ ಪೆಟ್ಟಿಗೆಗೆ ಒಂದು ಹೊಸ ಕಾಗದ ಸೇರಿದಂತಾಯಿತು.