ಗೆಲ್ಲುವ ಆಟ ಯಾವುದು? ಅಜ್ಜಿಯೇ ಹೇಳಲಿ!

ಇಡ್ಲಿ ಪಾತ್ರೆಯೊಳಗೆ ತಟ್ಟೆಗಳನ್ನು ಹೇಗೆ ಜೋಡಿಸಬೇಕು? ಕೆಳಗಿನ ತಟ್ಟೆಯ ಗುಳಿಯ ಮೇಲೆ ಮೇಲಿನ ತಟ್ಟೆಯ ಗುಳಿ ನೇರವಾಗಿ ಕೂತರೆ ಏನಾಗುತ್ತದೆ? ಮಕ್ಕಳೇ, ಉತ್ತರ ಗೊತ್ತಿಲ್ಲದಿದ್ದರೆ ಅಡುಗೆಮನೆಗೆ ಹೋಗಿ ಅಜ್ಜಿಯನ್ನು ಕೇಳಿ ಬನ್ನಿ. ಅಷ್ಟು ಹೊತ್ತು ನಾವು ಕಾಯುತ್ತೇವೆ.

ಕೇಳಿ ಬಂದಿರಾ? ಈಗ ಒಂದು ಸೋಜಿಗದ ಸಂಗತಿ ಕೇಳಿ. ಇಡ್ಲಿ ತಟ್ಟೆ ಜೋಡಿಸುವ ಈ ಕೆಲಸ ಒಂದು ವಿಡಿಯೋ ಗೇಮಿನಲ್ಲಿದೆ! ಅದರ ಹೆಸರು ‘ವೆಣ್ಬಾ’. ಭಾರತದಿಂದ ಕೆನಡಾಕ್ಕೆ ಹೋಗಿ ನೆಲೆಸಿದ ಒಂದು ತಮಿಳು ಕುಟುಂಬದ ಕತೆ ಅದು. ತಾಯಿ ವೆಣ್ಬಾ ಊರಿನಿಂದ ತಂದ ಅಡುಗೆ ಪುಸ್ತಕದ ಹಾಳೆಗಳು ಹರಿದು, ಅಕ್ಷರ ಅಳಿಸಿಹೋಗಿವೆ. ಬಿಟ್ಟುಹೋದ ಹಂತವನ್ನು ಆಡುವವರೇ ಊಹಿಸಿ ಅಡುಗೆ ಮುಗಿಸಬೇಕು. ಇದರಲ್ಲಿ ಬಂದೂಕಿಲ್ಲ, ಕಾರ್ ರೇಸ್ ಇಲ್ಲ. ಆದರೂ 2024ರಲ್ಲಿ ಸ್ವತಂತ್ರ ಗೇಮ್‌ಗಳ ಜಗತ್ತಿನ ಬಹು ದೊಡ್ಡ ಬಹುಮಾನ ಇದಕ್ಕೇ ಬಂತು.

ಯಾವುದು ಆ ಸ್ಪರ್ಧೆ? ಅಲ್ಲಿ ಗೆಲ್ಲುವ ಆಟವನ್ನು ಮೊದಲೇ ಗುರುತಿಸಲು ಸಾಧ್ಯವೇ? ಕಂಪ್ಯೂಟರ್ ಮುಟ್ಟದ ಅಜ್ಜ, ಅಜ್ಜಿಯರೂ ಊಹೆ ಮಾಡಬಹುದೇ? ಬನ್ನಿ, ನೋಡೋಣ.

ಮನೆಯ ಉಪ್ಪಿನಕಾಯಿಯಂಥ ಆಟಗಳು

ಅಂಗಡಿಯಲ್ಲಿ ಸಿಗುವ ಉಪ್ಪಿನಕಾಯಿಗೂ ಅಜ್ಜಿ ಭರಣಿಯಲ್ಲಿ ಹಾಕಿಟ್ಟ ಉಪ್ಪಿನಕಾಯಿಗೂ ವ್ಯತ್ಯಾಸ ಇದೆಯಲ್ಲವೇ? ಗೇಮ್‌ಗಳಲ್ಲೂ ಹಾಗೆಯೇ. ದೊಡ್ಡ ಕಂಪನಿಗಳಲ್ಲಿ ನೂರಾರು ಜನ ವರ್ಷಗಟ್ಟಲೆ ದುಡಿದು, ಕೋಟಿಗಟ್ಟಲೆ ಹಣ ಸುರಿದು ಒಂದು ಗೇಮ್ ಮಾಡುತ್ತಾರೆ. ಸ್ವತಂತ್ರ ಗೇಮ್, ಅಂದರೆ ‘ಇಂಡಿ ಗೇಮ್’ ಮಾಡುವವರು ಸಾಮಾನ್ಯವಾಗಿ ಒಬ್ಬರೋ ಇಬ್ಬರೋ ಅಥವಾ ಒಂದು ಪುಟ್ಟ ತಂಡವೋ ಆಗಿರುತ್ತಾರೆ. ಹಣ ಕಡಿಮೆ, ಆದರೆ ಹೀಗೇ ಮಾಡು ಎಂದು ಅಪ್ಪಣೆ ಕೊಡುವವರು ಇರುವುದಿಲ್ಲ.

ಇಂಥ ಆಟಗಳಿಗಾಗಿಯೇ 1998ರಲ್ಲಿ ಅಮೆರಿಕದಲ್ಲಿ ‘ಇಂಡಿಪೆಂಡೆಂಟ್ ಗೇಮ್ಸ್ ಫೆಸ್ಟಿವಲ್’ ಹುಟ್ಟಿಕೊಂಡಿತು. ಚಿಕ್ಕದಾಗಿ ಐಜಿಎಫ್ ಎನ್ನುತ್ತಾರೆ. ಗೇಮ್ ತಯಾರಕರು ವರ್ಷಕ್ಕೊಮ್ಮೆ ಸೇರುವ ದೊಡ್ಡ ಸಮ್ಮೇಳನದಲ್ಲಿ, ಸಾಮಾನ್ಯವಾಗಿ ಮಾರ್ಚ್ ತಿಂಗಳಲ್ಲಿ, ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಇದರ ಬಹುಮಾನ ವಿತರಣೆ. ನೂರಾರು ಆಟಗಳು ಕಣಕ್ಕೆ ಇಳಿಯುತ್ತವೆ. ತೀರ್ಪುಗಾರರು ಅವನ್ನು ಆಡಿ, ಚರ್ಚಿಸಿ, ಕೊನೆಯ ಸುತ್ತಿನ ಪಟ್ಟಿ ಪ್ರಕಟಿಸುತ್ತಾರೆ. ಚಿತ್ರ, ಧ್ವನಿ, ಕತೆ, ವಿನ್ಯಾಸ ಎಂದು ಬೇರೆ ಬೇರೆ ಬಹುಮಾನಗಳಿವೆ. ವಿದ್ಯಾರ್ಥಿಗಳು ಮಾಡಿದ ಆಟಕ್ಕೂ ಒಂದು ಇದೆ. ಎಲ್ಲಕ್ಕಿಂತ ದೊಡ್ಡದು ಮಹಾ ಬಹುಮಾನ.

ಪಟ್ಟಿ ಬಂದ ದಿನದಿಂದ ಬಹುಮಾನದ ದಿನದವರೆಗೆ ಗೇಮ್ ಪ್ರಿಯರಿಗೆ ಒಂದೇ ಕೆಲಸ: ಈ ಸಲ ಯಾರಿಗೆ ಎಂದು ಊಹಿಸುವುದು.

ಊಹೆಗೆ ಮೂರು ಪ್ರಶ್ನೆ

ಶಾಲೆಯ ರಂಗೋಲಿ ಸ್ಪರ್ಧೆ ನೆನಪಿಸಿಕೊಳ್ಳಿ. ಎಲ್ಲರಿಗಿಂತ ದೊಡ್ಡದಾಗಿ ಬಿಡಿಸಿ, ಇದ್ದಬದ್ದ ಬಣ್ಣವನ್ನೆಲ್ಲ ತುಂಬಿದವರಿಗೇ ಮೊದಲ ಬಹುಮಾನ ಬಂದಿತ್ತೇ? ಇಲ್ಲ ತಾನೇ? ಇಲ್ಲೂ ಅಷ್ಟೆ. ಹಿಂದೆ ಗೆದ್ದ ಆಟಗಳನ್ನು ಸಾಲಾಗಿ ಇಟ್ಟು ನೋಡಿದರೆ ಮೂರು ಪ್ರಶ್ನೆಗಳು ಸಿಗುತ್ತವೆ.

ಮೊದಲನೆಯದು: ಈ ಆಟ ಏನೆಂದು ಒಂದೇ ಮಾತಿನಲ್ಲಿ ಹೇಳಲು ಬರುತ್ತದೆಯೇ? 2008ರಲ್ಲಿ ಗೆದ್ದದ್ದು ಫಿನ್ಲೆಂಡಿನ ಪೆಟ್ರಿ ಪುರ್ಹೋ ಮಾಡಿದ ‘ಕ್ರೇಯಾನ್ ಫಿಸಿಕ್ಸ್ ಡಿಲಕ್ಸ್’. ಪರದೆಯ ಮೇಲೆ ನೀವು ಬಣ್ಣದ ಕಡ್ಡಿಯಲ್ಲಿ ಬರೆದದ್ದು ನಿಜವಾದ ವಸ್ತುವಿನಂತೆ ಬೀಳುತ್ತದೆ, ಉರುಳುತ್ತದೆ. ಅಷ್ಟೇ! 2011ರಲ್ಲಿ ಗೆದ್ದ ‘ಮೈನ್‌ಕ್ರಾಫ್ಟ್’ ಅಂತೂ ನಿಮ್ಮಲ್ಲಿ ಹಲವರಿಗೆ ಗೊತ್ತು. ಜಗತ್ತೆಲ್ಲ ಚೌಕದ ಇಟ್ಟಿಗೆ, ಕೀಳಿ, ಕಟ್ಟಿ. ಇದೂ ಒಂದೇ ಮಾತು.

ಎರಡನೆಯದು: ಆಡುವವರ ಕೈ ಮಾಡುವ ಕೆಲಸವೇ ಕತೆ ಹೇಳುತ್ತದೆಯೇ? 2014ರಲ್ಲಿ ಗೆದ್ದ ಲ್ಯೂಕಸ್ ಪೋಪ್ ಅವರ ‘ಪೇಪರ್ಸ್, ಪ್ಲೀಸ್’ ದೊಡ್ಡವರ ಆಟ. ಅದರಲ್ಲಿ ನೀವು ಒಂದು ಕಾಲ್ಪನಿಕ ದೇಶದ ಗಡಿಯಲ್ಲಿ ಪಾಸ್‌ಪೋರ್ಟ್ ತಪಾಸಣೆಯ ನೌಕರ. ಕಾಗದ ಸರಿಯಿದ್ದರೆ ಒಂದು ಮುದ್ರೆ, ಇಲ್ಲದಿದ್ದರೆ ಇನ್ನೊಂದು. ಒಮ್ಮೆ ಗಂಡನೊಬ್ಬ ಬರುತ್ತಾನೆ, ಅವನ ಕಾಗದ ಸರಿಯಾಗಿದೆ. ಅವನ ಹಿಂದೆಯೇ ಹೆಂಡತಿ ಬರುತ್ತಾಳೆ, ಅವಳ ಕಾಗದ ಪೂರ್ತಿ ಇಲ್ಲ. ಒಳಗೆ ಬಿಟ್ಟರೆ ನಿಯಮ ಮುರಿದ ತಪ್ಪು ನಿಮ್ಮ ಮೇಲೆ, ಮುಂದೆ ಸಂಬಳಕ್ಕೂ ಕತ್ತರಿ. ನಿಮ್ಮ ಮನೆಯಲ್ಲೂ ಹಸಿದವರಿದ್ದಾರೆ. ಮುದ್ರೆ ನಿಮ್ಮ ಕೈಯಲ್ಲಿದೆ. ಏನು ಮಾಡುತ್ತೀರಿ? ಯಾರೂ ಭಾಷಣ ಮಾಡುವುದಿಲ್ಲ. ಒಂದು ಮುದ್ರೆ ಒತ್ತುವಷ್ಟರಲ್ಲಿ ಕತೆಯೆಲ್ಲ ಮನಸ್ಸಿಗೆ ತಾಗುತ್ತದೆ.

ಮೂರನೆಯದು: ಆಟದಲ್ಲಿ ನಿಜವಾದ ಬದುಕಿನ ವಾಸನೆ ಇದೆಯೇ? ‘ವೆಣ್ಬಾ’ದಲ್ಲಿ ಮಗ ಕವಿನ್ ಬೆಳೆಯುತ್ತಾ ತಾಯಿಯ ಭಾಷೆಯಿಂದ, ಊಟದಿಂದ ದೂರವಾಗುತ್ತಾನೆ. ಮುಂದೆ ಅದೇ ಹರಿದ ಪುಸ್ತಕ ಅವನ ಕೈಗೆ ಬರುತ್ತದೆ. ಬೇರೆ ಊರಿನಲ್ಲಿ, ಬೇರೆ ದೇಶದಲ್ಲಿ ಮೊಮ್ಮಕ್ಕಳಿರುವ ಅಜ್ಜ, ಅಜ್ಜಿಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2025ರಲ್ಲಿ ಗೆದ್ದ ‘ಕನ್ಸ್ಯೂಮ್ ಮಿ’ ಕೂಡ ಹೀಗೆಯೇ. ತೆಳ್ಳಗಾಗಬೇಕೆಂದು ತನ್ನನ್ನೇ ಹಿಂಸಿಸಿಕೊಳ್ಳುವ ಶಾಲಾ ಹುಡುಗಿಯ ಕತೆ ಅದು. ಮಾಡಿದವರು ತಮ್ಮ ಹದಿಹರೆಯದ ನೆನಪಿನಿಂದಲೇ ಅದನ್ನು ತೆಗೆದಿದ್ದಾರೆ.

ಬೆಳ್ಳಗಿರುವುದೆಲ್ಲ ಹಾಲಲ್ಲ

ಊಹೆ ತಪ್ಪುವುದು ಎಲ್ಲಿ? ಬಣ್ಣ ಕಂಡು ಮರುಳಾಗುವಲ್ಲಿ. 2019ರಲ್ಲಿ ಲ್ಯೂಕಸ್ ಪೋಪ್ ಅವರೇ ಎರಡನೇ ಸಲ ಗೆದ್ದರು. ಆ ಆಟ ‘ರಿಟರ್ನ್ ಆಫ್ ದಿ ಓಬ್ರಾ ಡಿನ್’. ಕಾಣೆಯಾಗಿ, ಜನರಿಲ್ಲದೆ ಮರಳಿ ಬಂದ ಹಡಗಿನಲ್ಲಿದ್ದ 60 ಮಂದಿಗೆ ಏನಾಯಿತು ಎಂದು ಪತ್ತೆ ಮಾಡುವ ಆಟ. ಹಳೆಯ ಕಂಪ್ಯೂಟರ್ ಪರದೆಯಂತೆ ಎರಡೇ ಬಣ್ಣ!

ಉದ್ದ ಕಂಡೂ ಮೋಸ ಹೋಗಬಾರದು. 2020ರಲ್ಲಿ ಗೆದ್ದ ‘ಎ ಶಾರ್ಟ್ ಹೈಕ್’ ಕೆಲವೇ ಗಂಟೆಗಳಲ್ಲಿ ಮುಗಿಯುತ್ತದೆ. ಒಂದು ಎಳೆಯ ಹಕ್ಕಿ ಫೋನ್ ಸಿಗ್ನಲ್ ಹುಡುಕಿಕೊಂಡು ಬೆಟ್ಟದ ತುದಿಗೆ ಹೋಗುತ್ತದೆ. ಯಾಕೆ ಅಷ್ಟು ಆತುರ ಎಂಬುದು ತುದಿ ಮುಟ್ಟಿದ ಮೇಲೆ ತಿಳಿಯುತ್ತದೆ.

ಮೂರು ಪ್ರಶ್ನೆಗೂ ‘ಹೌದು’ ಎನ್ನುವ ಆಟ ಗೆದ್ದೇ ಗೆಲ್ಲುತ್ತದೆ ಎಂದಲ್ಲ. ‘ಮೈನ್‌ಕ್ರಾಫ್ಟ್’ನಲ್ಲಿ ಕತೆ ಎಲ್ಲಿದೆ ಎಂದು ನೀವು ಕೇಳಬಹುದು. ಸರಿಯೇ. ಕತೆ ಕಟ್ಟುವ ಕೆಲಸವನ್ನು ಅದು ನಿಮಗೇ ಬಿಟ್ಟಿದೆ. ಆದರೆ ಒಂದು ಪ್ರಶ್ನೆಗೂ ‘ಹೌದು’ ಎನ್ನಲಾಗದ ಆಟದ ಮೇಲೆ ಪಂದ್ಯ ಕಟ್ಟಬೇಡಿ.

ಬಹುಮಾನಕ್ಕೆ ಒಬ್ಬ ಹುಡುಗನ ಹೆಸರು

ಮಹಾ ಬಹುಮಾನಕ್ಕೆ ಶೇಮಸ್ ಮೆಕ್‌ನಾಲಿ ಎಂಬ ಯುವಕನ ಹೆಸರಿದೆ. ಕೆನಡಾದ ಈ ಹುಡುಗ ಮನೆಯವರ ಜೊತೆ ಸೇರಿ ಪುಟ್ಟ ಗೇಮ್ ಕಂಪನಿ ನಡೆಸುತ್ತಿದ್ದ. ಅವನ ‘ಟ್ರೆಡ್ ಮಾರ್ಕ್ಸ್’ ಯುದ್ಧದ ಟ್ಯಾಂಕ್‌ಗಳ ಓಟದ ಆಟ. ಗುಂಡು ಬಿದ್ದಲ್ಲಿ ನೆಲ ನಿಜವಾಗಿ ಹಳ್ಳ ಬೀಳುತ್ತಿತ್ತು. ಆ ಕಾಲಕ್ಕೆ ಅದು ಹೊಸತು. 2000ನೇ ಇಸವಿಯ ಮಾರ್ಚ್‌ನಲ್ಲಿ ಅದಕ್ಕೆ ಐಜಿಎಫ್‌ನ ಮಹಾ ಬಹುಮಾನ ಬಂತು. ಅಷ್ಟರಲ್ಲಿ ಕ್ಯಾನ್ಸರ್ ಅವನನ್ನು ಹಣ್ಣು ಮಾಡಿತ್ತು. ಗೆದ್ದ ಕೆಲವೇ ದಿನಗಳಲ್ಲಿ ಶೇಮಸ್ ತೀರಿಕೊಂಡ. ಆಗ ಅವನಿಗೆ 21 ವರ್ಷ.

ಆಮೇಲೆ ಬಹುಮಾನಕ್ಕೆ ಅವನ ಹೆಸರನ್ನೇ ಇಟ್ಟರು. ಪ್ರತಿ ವರ್ಷ ವೇದಿಕೆ ಹತ್ತಿದವರು ಕೈಯಲ್ಲಿ ಹಿಡಿಯುವುದು ಆ ಹುಡುಗನ ಹೆಸರಿನ ಪ್ರಶಸ್ತಿ. ‘ವೆಣ್ಬಾ’ ತಂಡವೂ ಕೆನಡಾದ್ದೇ.

ಈಗ ನಿಮ್ಮ ಸರದಿ

ಅಜ್ಜ, ಅಜ್ಜಿಯರೇ, ಮೊಮ್ಮಗು ಗೇಮ್ ಹಿಡಿದು ಕೂತಾಗ ‘ಸಾಕು, ಇಡು’ ಎನ್ನುವ ಮೊದಲು ಈ ಮೂರು ಪ್ರಶ್ನೆ ಕೇಳಿ ನೋಡಿ. ಉತ್ತರ ಹೇಳಲು ತಡಬಡಾಯಿಸಿದರೆ ಆಟ ಇಡುವ ಮಾತು ಮಗುವಿನ ಬಾಯಿಂದಲೇ ಬರಬಹುದು. ಚೆನ್ನಾಗಿ ಹೇಳಿದರೆ ಪಕ್ಕದಲ್ಲಿ ಕೂತು ಒಂದಿಷ್ಟು ಹೊತ್ತು ನೋಡಿ.

ಮಕ್ಕಳೇ, ಮುಂದಿನ ಪಟ್ಟಿ ಪ್ರಕಟವಾದಾಗ ಅಪ್ಪ, ಅಮ್ಮನ ಸಹಾಯದಿಂದ ಆ ಆಟಗಳ ಹೆಸರು, ಒಂದೆರಡು ಸಾಲಿನ ವಿವರ ಬರೆದುಕೊಳ್ಳಿ. ಅಜ್ಜನಿಗೆ ಓದಿ ಹೇಳಿ. ಮನೆಯ ಪ್ರತಿಯೊಬ್ಬರೂ ತಮ್ಮ ಊಹೆಯನ್ನು ಚೀಟಿಯಲ್ಲಿ ಬರೆದು ಲಕೋಟೆಗೆ ಹಾಕಿ, ದೇವರ ಮನೆಯ ಗೂಡಿನಲ್ಲೋ ಕಪಾಟಿನಲ್ಲೋ ಭದ್ರವಾಗಿಡಿ. ಬಹುಮಾನ ಪ್ರಕಟವಾದ ದಿನ ಎಲ್ಲರೂ ಕೂತು ಬಿಚ್ಚಿ.

ಸೋತವರು ಮರುದಿನ ಬೆಳಗ್ಗೆ ಎಲ್ಲರಿಗೂ ಇಡ್ಲಿ ಮಾಡಬೇಕು. ತಟ್ಟೆ ಜೋಡಿಸುವುದು ಹೇಗೆಂದು ಈಗ ಗೊತ್ತಲ್ಲ!